ಎಂಜಿನ್ ಬಿಸಿಯೇರಿದಾಗ: ಕರಾವಳಿಯ ಕಾರಿನವರಿಗೊಂದು ದೋಷ ನಿವಾರಣೆ ಕೈಪಿಡಿ

ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಏಳನೆಯ ತಿರುವಿಗೆ ಬರುವಷ್ಟರಲ್ಲಿ ನಮ್ಮ ಕಾರಿನ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತ್ತು. ಮೇ ತಿಂಗಳ ಮಧ್ಯಾಹ್ನ. ಒಳಗೆ ಐದು ಜನ, ಹಿಂದೆ ಡಿಕ್ಕಿ ತುಂಬ ಸಾಮಾನು, ಎರಡನೆಯ ಗೇರ್, ಎಸಿ ಪೂರ್ತಿ. ಬಾನೆಟ್ ಎತ್ತಿದಾಗ ಎಂಜಿನ್ನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಇರುವ ಟ್ಯಾಂಕಿನ ಮುಚ್ಚಳದ ಸುತ್ತ ಸಣ್ಣಗೆ ಗುಳ್ಳೆ ಏಳುತ್ತಿತ್ತು. ಜೊತೆಗಿದ್ದ ನನ್ನ ಸೋದರಸಂಬಂಧಿ ಬೈರಾಸನ್ನು (ಟವೆಲನ್ನು) ಕೈಗೆ ಸುತ್ತಿಕೊಂಡು ಮುಚ್ಚಳ ತಿರುಗಿಸಲು ಬಗ್ಗಿದ. ಅದೇ ಹೊತ್ತಿಗೆ ಮೇಲಿನಿಂದ ಇಳಿದು ಬಂದ ಮಿನಿ ಬಸ್ಸಿನ ಚಾಲಕರು ಕಿಟಕಿಯಿಂದ ತಲೆ ಹೊರಹಾಕಿ, "ಮುಟ್ಟಬೇಡಿ, ಮುಖ ಸುಟ್ಟುಹೋಗುತ್ತದೆ" ಎಂದು ಕೂಗಿದರು. ಬಸ್ಸು ನಿಲ್ಲಲಿಲ್ಲ, ಅವರ ಹೆಸರೂ ನನಗೆ ಗೊತ್ತಿಲ್ಲ. ಆ ಒಂದು ಮಾತಿಗೆ ನಮ್ಮ ಮನೆಯವರೆಲ್ಲ ಇಂದಿಗೂ ಋಣಿಗಳು.

ಮುಕ್ಕಾಲು ಗಂಟೆ ಕಾದ ಮೇಲೆ ತೆರೆದು ನೋಡಿದರೆ ಟ್ಯಾಂಕಿನಲ್ಲಿ ಹನಿ ಕೂಲೆಂಟ್ ಇರಲಿಲ್ಲ. ಆ ದ್ರವದ ಬಿಸಿಯನ್ನು ಗಾಳಿಗೆ ಬಿಡುವ ರೇಡಿಯೇಟರಿನ ಮೇಲಿನ ಪೈಪು ಸೇರುವಲ್ಲಿ, ಕ್ಲಾಂಪಿನ ಸುತ್ತ, ಹಸಿರು ಬೆರೆತ ಬಿಳಿ ಹರಳು ಕಟ್ಟಿತ್ತು. ತಿಂಗಳಿನಿಂದ ಟ್ಯಾಂಕಿನ ಮಟ್ಟ ಇಳಿಯುತ್ತಲೇ ಇತ್ತು, ನಾನು ಬಾವಿಯ ನೀರು ಸುರಿಯುತ್ತಲೇ ಇದ್ದೆ. ಕಡಿಮೆಯಾದದ್ದನ್ನು ತುಂಬಿದೆ, ಎಲ್ಲಿಗೆ ಹೋಯಿತು ಎಂದು ಕೇಳಲಿಲ್ಲ. ಕೂಲೆಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ದಾರಿಯಲ್ಲಿ ಸುತ್ತುತ್ತಲೇ ಇರಬೇಕಾದದ್ದು ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಇಲ್ಲವೇ ಎಂಜಿನ್ನಿನೊಳಗೇ ಸುಟ್ಟುಹೋಗಿದೆ. ಈ ಬರಹದ ಉದ್ದಕ್ಕೂ ನಾನು ಕೇಳುವುದು ಅದೊಂದೇ ಪ್ರಶ್ನೆ.

ಓಡುತ್ತಿರುವಾಗಲೇ ಮುಳ್ಳು ಮೇಲೇರಿದರೆ, ಕೆಂಪು ದೀಪ ಹೊತ್ತಿದರೆ

ಬಹುತೇಕ ಕಾರುಗಳಲ್ಲಿ ಎಂಜಿನ್ ಹದವಾಗಿ ಬಿಸಿಯಾದ ಮೇಲೆ ಮುಳ್ಳು ಮಾಪಕದ ನಡುವಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಮುಳ್ಳೇ ಇಲ್ಲದ ಸಣ್ಣ ಕಾರುಗಳೂ ಬಹಳ ಇವೆ. ಅವುಗಳಲ್ಲಿ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೀಲಿ ದೀಪ ಹೊತ್ತಿ ಆರುತ್ತದೆ, ಮಿತಿಮೀರಿ ಬಿಸಿಯಾದರೆ ಕೆಂಪು ದೀಪ ಮಿನುಗುತ್ತದೆ ಅಥವಾ ಹೊತ್ತಿಕೊಂಡೇ ಇರುತ್ತದೆ. ಕೆಂಪು ದೀಪಕ್ಕೆ "ಮನೆ ಮುಟ್ಟಿದ ಮೇಲೆ ನೋಡೋಣ" ಎಂಬ ಉತ್ತರವಿಲ್ಲ.

ಮುಳ್ಳು ಎಂದಿನ ಜಾಗ ಬಿಟ್ಟು ಮೇಲೇರುತ್ತಿದೆ, ಆದರೆ ಕೆಂಪನ್ನು ಇನ್ನೂ ಮುಟ್ಟಿಲ್ಲ ಎನ್ನುವಾಗ ಮೊದಲು ಎಸಿ ಆರಿಸಿ. ಕಿಟಕಿಗಳನ್ನು ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದರ ಗಾಳಿಯನ್ನು ಅತಿ ಜೋರಿಗೆ ಇಡಿ. ಮಂಗಳೂರಿನ ಸೆಕೆಯಲ್ಲಿ ಇದು ಹಿಂಸೆಯೇ ಸರಿ. ಆದರೆ ಹೀಟರಿನೊಳಗೆ ಇರುವುದೂ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಒಂದಷ್ಟು ಬಿಸಿಯನ್ನು ಅದು ಒಳಗೆ ಎಳೆದು ಕಿಟಕಿಯ ಮೂಲಕ ಹೊರದಬ್ಬುತ್ತದೆ. ಸುರಕ್ಷಿತವಾಗಿ ನಿಲ್ಲಿಸುವ ಜಾಗ ಸಿಗುವವರೆಗೆ ಈ ಉಪಾಯ ಸಾಕು. ಇದನ್ನೇ ನಂಬಿಕೊಂಡು ಸುರತ್ಕಲ್‌ನಿಂದ ಉಡುಪಿಯವರೆಗೆ ಓಡಿಸುವುದು ಬೇಡ.

ಹೀಟರ್ ಹಾಕಿದಾಗ ಒಂದು ಸಂಗತಿಯನ್ನು ಗಮನಿಸಿ. ಎಂಜಿನ್ ಕುದಿಯುತ್ತಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಅಲ್ಲಿಗೆ ಬಿಸಿ ಕೂಲೆಂಟ್ ತಲುಪುತ್ತಿಲ್ಲ ಎಂದು ಅರ್ಥ. ಹೆಚ್ಚಾಗಿ ಕೂಲೆಂಟ್ ಬಹಳ ಕಡಿಮೆಯಾಗಿರುತ್ತದೆ, ಇಲ್ಲವೇ ಅದನ್ನು ಸುತ್ತಿಸುವ ಪಂಪು ನಿಂತಿರುತ್ತದೆ. ಆಗ ಮುಂದಿನ ಸುರಕ್ಷಿತ ಜಾಗದಲ್ಲೇ ನಿಲ್ಲಿಸಿ. ಕೂಲೆಂಟ್ ಪೂರ್ತಿ ಬರಿದಾದ ಕಾರಿನಲ್ಲಿ ಮುಳ್ಳು ಕೆಳಗಿಳಿದು ಮೋಸ ಮಾಡುವುದೂ ಉಂಟು. ಉಷ್ಣತೆ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರಬೇಕು, ಸುತ್ತ ಬರೀ ಗಾಳಿ ಇದ್ದರೆ ಅದು ಸರಿಯಾಗಿ ಅಳೆಯಲಾರದು. ಏರಿದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಇಳಿದರೆ ಸಮಾಧಾನಪಡಬೇಡಿ.

ಮುಳ್ಳು ಕೆಂಪಿನಲ್ಲಿದ್ದರೆ ಬದಿಗೆ ತನ್ನಿ, ಎಂಜಿನ್ ಆರಿಸಿ. ಘಾಟಿಯಲ್ಲಾದರೆ ತಿರುವಿನ ಮೂಲೆಯಲ್ಲಿ ಬೇಡ. ಮೇಲಿನಿಂದಲೂ ಕೆಳಗಿನಿಂದಲೂ ಬರುವವರಿಗೆ ನಿಮ್ಮ ಕಾರು ದೂರದಿಂದಲೇ ಕಾಣುವ ನೇರ ಜಾಗ ನೋಡಿ. ನಾಲ್ಕೂ ಇಂಡಿಕೇಟರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ, ಕಾರಿನೊಂದಿಗೆ ಬಂದ ಕೆಂಪು ತ್ರಿಕೋನವನ್ನು ಸಾಕಷ್ಟು ಹಿಂದಕ್ಕೆ ಇಡಿ. ಮಕ್ಕಳನ್ನೂ ಹಿರಿಯರನ್ನೂ ಕಾರಿನಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ, ಕಣಿವೆಯ ಬದಿಯ ತಡೆಗೋಡೆಯ ಮೇಲೆ ಕೂರಿಸಬೇಡಿ. ಹೊರಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ಮರೆಯದೆ ರಸ್ತೆಯಿಂದ ಎತ್ತಿಹಾಕಿ. ನಮ್ಮ ಘಾಟಿಗಳಲ್ಲಿ ಹಾಗೆ ಬಿಟ್ಟುಹೋದ ಕಲ್ಲುಗಳು ರಾತ್ರಿ ಬೈಕಿನಲ್ಲಿ ಬರುವವರ ಜೀವಕ್ಕೆ ಕುತ್ತು.

ಬಾನೆಟ್ ಸಂದಿಯಿಂದ ಬಿಳಿ ಆವಿ ಬರುತ್ತಿದ್ದರೆ

ಮೊದಲು ಅದು ಆವಿಯೋ ಹೊಗೆಯೋ ಎಂದು ದೂರದಿಂದಲೇ ನೋಡಿ. ಆವಿ ಬೆಳ್ಳಗಿದ್ದು ಬೇಗ ಕರಗುತ್ತದೆ, ಅದರಲ್ಲಿ ಸಿಹಿ ಬೆರೆತ ಒಂದು ವಾಸನೆ ಇರುತ್ತದೆ. ಕಪ್ಪು ಅಥವಾ ಬೂದು ಬಣ್ಣದ ಹೊಗೆ, ಪ್ಲಾಸ್ಟಿಕ್ ಅಥವಾ ರಬ್ಬರ್ ಸುಟ್ಟ ನಾತ ಇದ್ದರೆ ಅದು ಬೆಂಕಿಯಾಗಿರಬಹುದು. ಬಾನೆಟ್ ತೆರೆಯಬೇಡಿ, ತೆರೆದರೆ ಗಾಳಿ ಸಿಕ್ಕಿ ಜ್ವಾಲೆ ಏಳುತ್ತದೆ. ಎಲ್ಲರೂ ದೂರ ಹೋಗಿ 112ಕ್ಕೆ ಕರೆ ಮಾಡಿ.

ಆವಿಯೇ ಆದರೂ ಅದು ನಿಲ್ಲುವವರೆಗೆ ಬಾನೆಟ್ಟನ್ನು ಮುಟ್ಟಬೇಡಿ. ನಿಂತ ಮೇಲೆ ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡು ಎತ್ತಿ ನಿಲ್ಲಿಸಿ, ಹಿಂದೆ ಸರಿಯಿರಿ. ಮುಂದಿರುವ ಫ್ಯಾನಿನ ಹತ್ತಿರ ಕೈ, ಸೆರಗು, ಶಾಲು, ಸರ ಏನೂ ಹೋಗಬಾರದು. ಕೀಲಿ ತೆಗೆದ ಮೇಲೂ ಅದು ತನ್ನಷ್ಟಕ್ಕೆ ತಿರುಗಲು ಶುರುವಾಗಬಹುದು.

ಇನ್ನು ಆ ಮುಚ್ಚಳದ ವಿಷಯ. ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ರೇಡಿಯೇಟರಿನ ಮುಚ್ಚಳ ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚು ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು ಕೂಡ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ನಿಲ್ಲುತ್ತದೆ, ಕೂಲೆಂಟ್ ಬೆರೆತಿದ್ದರೆ ಇನ್ನೂ ಮೇಲಕ್ಕೆ. ನೀವು ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಬಿಟ್ಟುಹೋಗುತ್ತದೆ, ಅಲ್ಲಿಯವರೆಗೆ ಸುಮ್ಮನಿದ್ದ ದ್ರವ ಒಮ್ಮೆಲೇ ಕುದಿದು ಕಾರಂಜಿಯಂತೆ ಚಿಮ್ಮುತ್ತದೆ. ಅನ್ನ ಬೇಯುತ್ತಿರುವ ಪ್ರೆಶರ್ ಕುಕ್ಕರಿನ ಮುಚ್ಚಳವನ್ನು ಸೀಟಿ ಎತ್ತದೆ ಎಳೆದ ಹಾಗೆ. ಬೈರಾಸು ಅದನ್ನು ತಡೆಯಲಾರದು. ನೆನೆದ ಬಟ್ಟೆಯಂತೂ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಯಾರಿಗಾದರೂ ಸುಟ್ಟರೆ ಆ ಜಾಗಕ್ಕೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಿ. ಟೂತ್‌ಪೇಸ್ಟ್, ತೆಂಗಿನೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಬಳೆ, ಉಂಗುರ, ವಾಚು ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಮುಖ, ಕಣ್ಣು, ಅಂಗೈ ಸುಟ್ಟಿದ್ದರೆ ಕಾರಿನ ಯೋಚನೆ ಬಿಟ್ಟು 108ಕ್ಕೆ ಕರೆ ಮಾಡಿ.

ಎಂಜಿನ್ ತಣಿದಿದೆ, ಟ್ಯಾಂಕಿನಲ್ಲಿ ಮಟ್ಟ ಇಳಿದಿದೆ

ಕನಿಷ್ಠ ಅರ್ಧ ಗಂಟೆ, ನಮ್ಮ ಬೇಸಿಗೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಾಯಬೇಕು. ಮೇಲಿನ ದಪ್ಪ ಪೈಪಿನ ಹತ್ತಿರ ಕೈ ತಂದು ನೋಡಿ. ಝಳ ಹೊಡೆಯುತ್ತಿದ್ದರೆ ಇನ್ನೂ ಕಾಯಿರಿ. ಝಳ ಇಲ್ಲದಿದ್ದರೆ ದಪ್ಪ ಬಟ್ಟೆ ಹಿಡಿದು ಪೈಪನ್ನು ಮೆಲ್ಲಗೆ ಒತ್ತಿ. ಗಟ್ಟಿಯಾಗಿ ಉಬ್ಬಿದ್ದರೆ ಒಳಗೆ ಒತ್ತಡ ಇನ್ನೂ ಇದೆ. ಮೆತ್ತಗಿದ್ದರೆ ಅದೇ ಬಟ್ಟೆಯನ್ನು ಮುಚ್ಚಳದ ಮೇಲೆ ಹಾಕಿ, ಮುಖ ಆಚೆ ತಿರುಗಿಸಿ, ಕಾಲು ಸುತ್ತು ಮಾತ್ರ ಬಿಚ್ಚಿ ನಿಲ್ಲಿ. ಬುಸ್ ಎಂಬ ಸದ್ದು ಪೂರ್ತಿ ನಿಂತ ಮೇಲಷ್ಟೇ ಮುಚ್ಚಳ ತೆಗೆಯಿರಿ.

ಕಾರುಗಳಲ್ಲಿ ಎರಡು ಬಗೆ ಇದೆ ಎಂಬುದು ನೆನಪಿರಲಿ. ಒಂದರಲ್ಲಿ ಒತ್ತಡದ ಮುಚ್ಚಳ ರೇಡಿಯೇಟರಿನ ಮೇಲೆ ಇರುತ್ತದೆ, ಪಕ್ಕದ ಪ್ಲಾಸ್ಟಿಕ್ ಡಬ್ಬಿ ಉಕ್ಕಿದ್ದನ್ನು ಹಿಡಿಯಲು ಮಾತ್ರ. ಇನ್ನೊಂದರಲ್ಲಿ ಆ ಪ್ಲಾಸ್ಟಿಕ್ ಟ್ಯಾಂಕಿನಲ್ಲೇ ಪೂರ್ತಿ ಒತ್ತಡ ಇರುತ್ತದೆ. "ರೇಡಿಯೇಟರನ್ನು ಮುಟ್ಟಲಿಲ್ಲ, ಬರೀ ಟ್ಯಾಂಕಿನ ಮುಚ್ಚಳ ತೆಗೆದೆ" ಎಂದು ಸುಟ್ಟುಕೊಂಡವರು ಎರಡನೆಯ ಬಗೆಯ ಕಾರಿನವರು.

ಕೂಲೆಂಟ್ ಕೈಯಲ್ಲಿದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ, ಗ್ಯಾರೇಜಿನವರೆಗೆ ಹೋಗಲು ಮಾತ್ರ, ಬಾಟಲಿಯ ಕುಡಿಯುವ ನೀರು ಆಗುತ್ತದೆ. ಹೊಳೆಯ ಅಳಿವೆಯ ಉಪ್ಪು ನೀರು ಖಂಡಿತ ಬೇಡ. ಎಳನೀರು ಕೂಡ ಬೇಡ, ಅದರಲ್ಲಿ ಲವಣವೂ ಸಕ್ಕರೆಯೂ ಇವೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು, ಹೊರಗಿನಿಂದ ಎರಚಿದರೂ ಅಷ್ಟೆ. ತಣಿದ ಮೇಲೆ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಹಾಕಿ. ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ ನಿಲ್ಲಿಸಿ, ಬಿಸಿಯಾದಾಗ ಹಿಗ್ಗಲು ಜಾಗ ಬೇಕು.

ಎಷ್ಟು ಹಿಡಿಯಿತು ಎಂಬುದನ್ನು ಗಮನದಲ್ಲಿಡಿ. ಸಣ್ಣ ಕಾರಿನ ಒಟ್ಟು ವ್ಯವಸ್ಥೆಯೇ ಸುಮಾರು 4ರಿಂದ 6 ಲೀಟರ್. ಮುಳ್ಳು ಕೆಂಪನ್ನು ಮುಟ್ಟಿರದೆ, ಕಾಲು ಲೀಟರ್ ಮಾತ್ರ ಹಿಡಿದರೆ ಹತ್ತಿರದ ಗ್ಯಾರೇಜಿಗೆ ಮುಳ್ಳಿನ ಮೇಲೆ ಕಣ್ಣಿಟ್ಟು ಹೋಗಬಹುದು. ಒಂದೂವರೆ, ಎರಡು ಲೀಟರ್ ಹಿಡಿದರೆ ಕಾರಿನಡಿ ಬಗ್ಗಿ ನೋಡಿ. ಸುರಿದದ್ದೆಲ್ಲ ಕೆಳಗೆ ಹರಿಯುತ್ತಿದ್ದರೆ ಇನ್ನೊಂದು ಬಾಟಲಿ ಹುಡುಕುವ ಬದಲು ಟೋ ವಾಹನ ಕರೆಸಿ ಕಾರನ್ನು ಎತ್ತಿಸಿ.

ಕಾರಿನಡಿ ನೀರು ಕಂಡರೆ

ನಮ್ಮ ಊರಿನಲ್ಲಿ ಇದು ಸದಾ ಗೊಂದಲದ ವಿಷಯ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಎಸಿ ಹಾಕಿದ ಕಾರು ಹತ್ತು ನಿಮಿಷ ನಿಂತರೆ ಕೆಳಗೆ ಸಣ್ಣ ಮಡುವೇ ಆಗುತ್ತದೆ. ಹೆಚ್ಚಾಗಿ ಮುಂದಿನ ಪ್ರಯಾಣಿಕರ ಕಾಲಿನ ಕೆಳಭಾಗದಲ್ಲಿ ತೊಟ್ಟಿಕ್ಕುವ, ಬಣ್ಣವಿಲ್ಲದ, ಬೆರಳಿಗೆ ಜಿಡ್ಡು ತಾಗದ ನೀರಾದರೆ ಅದು ಎಸಿಯದು, ಹೆದರಬೇಕಿಲ್ಲ.

ಕೂಲೆಂಟ್ ಹಾಗಲ್ಲ. ಹಸಿರು, ಗುಲಾಬಿ, ಕೆಂಪು ಅಥವಾ ನೀಲಿ ಛಾಯೆ ಇರುತ್ತದೆ, ಬೆರಳಿನ ನಡುವೆ ಉಜ್ಜಿದರೆ ತುಸು ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ಅನುಮಾನ ಬಂದರೆ ರಾತ್ರಿ ಕಾರಿನಡಿ ಒಂದು ರಟ್ಟನ್ನು ಹಾಸಿ, ಬೆಳಿಗ್ಗೆ ಕಲೆ ಎಲ್ಲಿ, ಯಾವ ಬಣ್ಣದಲ್ಲಿ ಬಿದ್ದಿದೆ ನೋಡಿ. ಯಾವ ಕಾರಣಕ್ಕೂ ನಾಲಿಗೆಗೆ ತಾಗಿಸಬೇಡಿ.

ಇಲ್ಲಿ ಮನೆಯವರೆಲ್ಲ ತಿಳಿದಿರಬೇಕಾದ ಒಂದು ವಿಷಯವಿದೆ. ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಅದರ ರುಚಿ ಮಾತ್ರ ಸಿಹಿ. ನಾಯಿ, ಬೆಕ್ಕು ಅದನ್ನು ನೆಕ್ಕುತ್ತವೆ. ಒಂದು ಚಮಚ ಬೆಕ್ಕಿನ ಜೀವ ತೆಗೆಯಬಲ್ಲದು. ನೆಲಕ್ಕೆ ಬಿದ್ದದ್ದರ ಮೇಲೆ ಮರಳು ಅಥವಾ ಮರದ ಹೊಟ್ಟು ಹಾಕಿ ಎತ್ತಿ, ಆಮೇಲೆ ಆ ಜಾಗ ತೊಳೆಯಿರಿ. ಹಳೆಯ ಕೂಲೆಂಟನ್ನು ಅಡಿಕೆ ತೋಟದ ಕಣಿಗೋ ಅಂಗಳದ ಮೂಲೆಗೋ ಚೆಲ್ಲಬೇಡಿ. ನಮ್ಮಲ್ಲಿ ಬಾವಿ ಅಂಗಳದಲ್ಲೇ ಇರುತ್ತದೆ. ಕ್ಯಾನಿನಲ್ಲಿ ಹಿಡಿದು, ಮೇಲೆ ಹೆಸರು ಬರೆದು, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಮಕ್ಕಳೋ ಪ್ರಾಣಿಗಳೋ ಕುಡಿದ ಅನುಮಾನ ಬಂದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ, ಪಶುವೈದ್ಯರ ಬಳಿಗೆ ಓಡಿ.

ಮಟ್ಟ ಇಳಿಯುತ್ತಲೇ ಇದೆ, ನೆಲದಲ್ಲಿ ಮಾತ್ರ ಏನೂ ಇಲ್ಲ

ಸೋರಿಕೆ ಸಣ್ಣದಿದ್ದರೆ ದ್ರವ ನೆಲ ಮುಟ್ಟುವ ಮೊದಲೇ ಬಿಸಿ ಲೋಹದ ಮೇಲೆ ಆರಿಹೋಗುತ್ತದೆ. ಆದರೆ ಗುರುತು ಬಿಡದೆ ಹೋಗುವುದಿಲ್ಲ. ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಪ್ರತಿ ಪೈಪಿನ ಎರಡೂ ತುದಿ, ಪ್ರತಿ ಕ್ಲಾಂಪು, ರೇಡಿಯೇಟರಿನ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಸೇರುವ ಅಂಚು, ಟ್ಯಾಂಕಿನ ತಳ ಇವನ್ನೆಲ್ಲ ನಿಧಾನವಾಗಿ ನೋಡಿ. ಉಪ್ಪಿನಂತಹ ಬಿಳಿ, ಹಸಿರು, ಗುಲಾಬಿ ಹರಳು ಕಂಡಲ್ಲಿ ಸೋರಿಕೆ ಇದೆ. ಅಂದು ನಮ್ಮ ಕಾರಿನಲ್ಲಿದ್ದ ಆ ಕಲೆ ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡದೇನಲ್ಲ. ಕ್ಲಾಂಪಿನ ತಿರುಪು ತುಕ್ಕು ಹಿಡಿದು ಹಿಡಿತ ಬಿಟ್ಟಿತ್ತು. ಕಡಲ ಗಾಳಿಯಲ್ಲಿ ಇಂಥ ಸಣ್ಣ ತಿರುಪುಗಳೇ ಮೊದಲು ಕೆಡುತ್ತವೆ.

ಪೈಪನ್ನು ಬೆರಳಿನಿಂದ ಹಿಚುಕಿ. ಕಡಕ್ಕಾಗಿ ಒಣಗಿದ್ದರೆ, ಬಾಗಿದಲ್ಲಿ ಸೀಳು ಕಂಡರೆ, ಬದನೆಕಾಯಿಯಂತೆ ಊದಿಕೊಂಡಿದ್ದರೆ ಬದಲಾಯಿಸಿ. ಮಳೆಗಾಲದಲ್ಲಿ ಇಲಿಯ ಹಲ್ಲಿನ ಗುರುತನ್ನೂ ಹುಡುಕಿ. ಜೂನ್ ಬಂತೆಂದರೆ ಬೆಚ್ಚಗಿನ ಎಂಜಿನ್ನಿನಲ್ಲಿ ಬಂದು ಕೂರುವ ಇಲಿಗಳು ಪೈಪನ್ನೂ ವಯರನ್ನೂ ಕಡಿಯುತ್ತವೆ.

ಮುಚ್ಚಳವನ್ನು ತಿರುಗಿಸಿ ಅದರ ರಬ್ಬರ್ ನೋಡಿ. ರಬ್ಬರ್ ಸವೆದ ಮುಚ್ಚಳ ಒತ್ತಡವನ್ನು ಹಿಡಿಯುವುದಿಲ್ಲ, ಕೂಲೆಂಟ್ ಬೇಗ ಕುದಿದು ಹೊರಗೆ ಹೋಗುತ್ತದೆ. ಎಲ್ಲಕ್ಕಿಂತ ಅಗ್ಗದ ಬಿಡಿಭಾಗ ಇದು, ಜನ ಕೊನೆಗೆ ಬದಲಾಯಿಸುವುದೂ ಇದನ್ನೇ.

ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಜಿಗುಟಾಗಿ ಒದ್ದೆಯಾಗಿದ್ದರೆ, ಒಳಗೆ ಸಿಹಿ ವಾಸನೆ ಇದ್ದರೆ, ಗಾಜಿನ ಮೇಲೆ ಜಿಡ್ಡಿನ ಮಂಜು ಕೂರುತ್ತಿದ್ದರೆ ಸೋರಿಕೆ ಹೀಟರಿನೊಳಗಿದೆ. ಇಷ್ಟೆಲ್ಲ ನೋಡಿಯೂ ಏನೂ ಸಿಗದಿದ್ದರೆ ಗ್ಯಾರೇಜಿನಲ್ಲಿ ಒತ್ತಡ ಪರೀಕ್ಷೆ ಮಾಡಿಸಿ. ಮುಚ್ಚಳದ ಜಾಗಕ್ಕೆ ಕೈಪಂಪು ಜೋಡಿಸಿ, ತಣ್ಣನೆಯ ಎಂಜಿನ್ನಿನಲ್ಲೇ ಒತ್ತಡ ಕೊಟ್ಟು, ಎಲ್ಲಿ ಜಿನುಗುತ್ತದೆ ಎಂದು ನೋಡುವ ಸರಳ ಪರೀಕ್ಷೆ ಅದು. ಅಂದಾಜಿನ ಮೇಲೆ ರೇಡಿಯೇಟರನ್ನೇ ಬದಲಾಯಿಸಲು ಒಪ್ಪುವ ಮೊದಲು ಇದನ್ನು ಕೇಳಿ ಮಾಡಿಸಿಕೊಳ್ಳಿ.

ಮಂಗಳೂರಿನ ನಂತೂರು ವೃತ್ತದಲ್ಲಿ ಬಿಸಿ, ಹೆದ್ದಾರಿಗೆ ಬಿದ್ದರೆ ಸರಿ

ನಿಂತು ನಿಂತು ಸಾಗುವಾಗ ಮಾತ್ರ ಮುಳ್ಳು ಏರುತ್ತದೆ, ಪಡುಬಿದ್ರಿ ಕಡೆಗೆ ವೇಗ ಹಿಡಿದರೆ ತಾನಾಗಿ ಇಳಿಯುತ್ತದೆ ಎಂದಾದರೆ ಹೆಚ್ಚಾಗಿ ತಪ್ಪು ಫ್ಯಾನಿನದು. ವೇಗದಲ್ಲಿ ಗಾಳಿ ತಾನಾಗಿ ರೇಡಿಯೇಟರಿಗೆ ಬಡಿಯುತ್ತದೆ, ನಿಂತಾಗ ಆ ಕೆಲಸವನ್ನು ಫ್ಯಾನು ಮಾಡಬೇಕು.

ಪರೀಕ್ಷೆ ಸುಲಭ. ಮಟ್ಟ ಸರಿಯಿದೆಯೆಂದು ಮೊದಲು ಖಚಿತಪಡಿಸಿಕೊಂಡು, ಎಂಜಿನ್ ಚಾಲೂ ಮಾಡಿ ಎಸಿ ಹಾಕಿ. ಬಹುತೇಕ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗುವ ಸದ್ದು ಕೇಳಬೇಕು. ಕೇಳದಿದ್ದರೆ ಎಂಜಿನ್ ಆರಿಸಿ, ಫ್ಯೂಸ್ ಪೆಟ್ಟಿಗೆಯಲ್ಲಿ ಫ್ಯಾನಿನ ಫ್ಯೂಸ್ ನೋಡಿ. ಸುಟ್ಟಿದ್ದರೆ ಅದೇ ಆಂಪಿಯರಿನದನ್ನೇ ಹಾಕಿ. ಹೆಚ್ಚಿನದನ್ನು ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ವಯರೇ ಸುಡುತ್ತದೆ. ಫ್ಯೂಸ್ ಸರಿಯಿದ್ದರೆ ಫ್ಯಾನಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ರಿಲೇ, ಆಮೇಲೆ ಮೋಟಾರಿನ ಕನೆಕ್ಟರ್. ನಮ್ಮಲ್ಲಿ ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಯುವುದು ಸಾಮಾನ್ಯ, ಒಮ್ಮೊಮ್ಮೆ ಶುಚಿ ಮಾಡಿದರೆ ಸಾಕಾಗುತ್ತದೆ. ಫ್ಯಾನನ್ನು ಕಡ್ಡಿಯಿಂದಲೋ ಕೈಯಿಂದಲೋ ತಳ್ಳಿ ಶುರುಮಾಡಲು ಹೋಗಬೇಡಿ.

ಹೈಬ್ರಿಡ್ ಮತ್ತು ವಿದ್ಯುತ್ ಕಾರಿನವರು ಕಿತ್ತಳೆ ಬಣ್ಣದ ವಯರುಗಳ ಹತ್ತಿರ ಹೋಗಬಾರದು. ಮಟ್ಟ ನೋಡಿ ಬಾನೆಟ್ ಮುಚ್ಚಿ, ಉಳಿದದ್ದು ತರಬೇತಾದವರ ಕೆಲಸ.

ಊರೊಳಗೆ ಸರಿ, ಶಿರಾಡಿ ಘಾಟಿ ಹತ್ತುವಾಗ ಬಿಸಿ

ಗುಂಡ್ಯ ದಾಟಿದ ಮೇಲೆ ಎಂಜಿನ್ ಹೊರುವ ಭಾರ ಹೆಚ್ಚು, ಕಾರಿನ ವೇಗ ಕಡಿಮೆ. ಊರಿನೊಳಗೆ ಮುಚ್ಚಿಹೋಗುವ ದೌರ್ಬಲ್ಯ ಇಲ್ಲಿ ಹೊರಬೀಳುತ್ತದೆ. ಮಟ್ಟ ಸರಿಯಿದ್ದೂ ಹೀಗಾದರೆ ಮೊದಲು ರೇಡಿಯೇಟರಿನ ಮುಂಭಾಗ ನೋಡಿ. ಅಂಟಿಕೊಂಡ ಪ್ಲಾಸ್ಟಿಕ್ ಚೀಲ, ಒಣ ಎಲೆ, ಹುಳು, ಮಳೆಗಾಲದ ಕೆಂಪು ಮಣ್ಣು ಒಣಗಿ ಕೂತಿರುವುದು, ಇವೆಲ್ಲ ಗಾಳಿಯ ದಾರಿಗೆ ಅಡ್ಡ. ಎಸಿಯ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ಕಸ ಸೇರಿದರೆ ಮುಂದಿನಿಂದ ಕಾಣುವುದೂ ಇಲ್ಲ. ತಣ್ಣಗಿರುವಾಗ, ಮೆಲುವಾದ ನೀರಿನ ಧಾರೆಯಲ್ಲಿ, ಎಂಜಿನ್ ಕಡೆಯಿಂದ ಹೊರಕ್ಕೆ ತೊಳೆಯಿರಿ. ಕಾರು ತೊಳೆಯುವ ಜೋರು ಪಂಪಿನ ಧಾರೆಯನ್ನು ಹತ್ತಿರ ಹಿಡಿದರೆ ತೆಳ್ಳನೆಯ ರೆಕ್ಕೆಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ ಒಮ್ಮೆ ಇದನ್ನು ಮಾಡಿಸುವುದು ಒಳ್ಳೆಯದು.

ಹೊರಗೆ ಶುಚಿಯಿದ್ದರೆ ತೊಂದರೆ ಒಳಗಿದೆ: ಕೊಳವೆಗಳಲ್ಲಿ ಕಿಟ್ಟ, ಅರ್ಧ ಮಾತ್ರ ತೆರೆಯುವ ಥರ್ಮೋಸ್ಟಾಟ್ (ರೇಡಿಯೇಟರಿನ ದಾರಿಯ ಕವಾಟ), ಸವೆದ ವಾಟರ್ ಪಂಪ್. ಪಂಪು ಕೆಡುವ ಮೊದಲು ಗರಗರ ಸದ್ದು ಮಾಡುತ್ತದೆ ಅಥವಾ ತನ್ನ ಕೆಳಗಿನ ಸಣ್ಣ ರಂಧ್ರದಿಂದ ಜಿನುಗುತ್ತದೆ. ಇವು ಮೆಕ್ಯಾನಿಕ್ ನೋಡಬೇಕಾದವು.

ಉಷ್ಣತೆಯ ದೀಪದ ಜೊತೆಗೇ ಬ್ಯಾಟರಿಯ ದೀಪವೂ ಹೊತ್ತಿದರೆ ಬೆಲ್ಟ್ ತುಂಡಾಗಿರಬಹುದು. ಅನೇಕ ಕಾರುಗಳಲ್ಲಿ ಒಂದೇ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಪಂಪನ್ನೂ ತಿರುಗಿಸುತ್ತದೆ. ಸ್ಟಿಯರಿಂಗ್ ಕೂಡ ಒಮ್ಮೆಲೇ ಭಾರವಾದರೆ ಅನುಮಾನವೇ ಬೇಡ. ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಹೊರಟ ಹತ್ತು ನಿಮಿಷಕ್ಕೇ ಬಿಸಿ, ಇಲ್ಲವೇ ಮುಳ್ಳಿನ ಏರಿಳಿತ

ಎಂಜಿನ್ ತಣ್ಣಗಿರುವವರೆಗೆ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿಯನ್ನು ಮುಚ್ಚಿಟ್ಟು, ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆಯುತ್ತದೆ. ಅದು ಮುಚ್ಚಿದಂತೆಯೇ ಸಿಕ್ಕಿಬಿದ್ದರೆ ಮುಳ್ಳು ಬೇಗ ಏರುತ್ತದೆ, ಎಂಜಿನ್ ಕಡೆ ಕುದಿಯುವಷ್ಟು ಬಿಸಿಯಿದ್ದರೂ ರೇಡಿಯೇಟರಿನ ಕಡೆಯ ಪೈಪು ತಣ್ಣಗಿರುತ್ತದೆ.

ಹಳೆಯ ಕಾಲದ ಕೆಲವು ಗ್ಯಾರೇಜುಗಳಲ್ಲಿ "ನಮ್ಮ ಊರಿನ ಸೆಕೆಗೆ ಥರ್ಮೋಸ್ಟಾಟೇ ಬೇಡ, ತೆಗೆದುಬಿಡೋಣ" ಎನ್ನುವುದುಂಟು. ದಯವಿಟ್ಟು ಒಪ್ಪಬೇಡಿ. ಎಂಜಿನ್ ತನಗೆ ಬೇಕಾದ ಬಿಸಿಗೆ ಬರುವುದೇ ತಡವಾಗಿ ಇಂಧನ ಹೆಚ್ಚು ಸುಡುತ್ತದೆ, ಸವೆತ ಹೆಚ್ಚುತ್ತದೆ. ಕೆಲವು ಎಂಜಿನ್ನುಗಳಲ್ಲಿ ಕೂಲೆಂಟ್ ತಪ್ಪು ದಾರಿ ಹಿಡಿದು ಬಿಸಿ ಇನ್ನೂ ಏರುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿಸಿ.

ಮುಳ್ಳು ಏರುತ್ತ ಇಳಿಯುತ್ತ ಇದ್ದರೆ, ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿದರೆ ಒಳಗೆ ಗಾಳಿ ಸೇರಿದೆ. ಇತ್ತೀಚೆಗೆ ಕೂಲೆಂಟ್ ಬದಲಾಯಿಸಿದ್ದರೆ ಗಾಳಿಯನ್ನು ಸರಿಯಾಗಿ ಹೊರಹಾಕಿಲ್ಲ ಎಂದುಕೊಳ್ಳಬಹುದು. ಏನನ್ನೂ ಬಿಚ್ಚದ ಕಾರಿನಲ್ಲಿ ಹೀಗಾದರೆ ಮಟ್ಟ ಇಳಿದಿದೆ, ಇಲ್ಲವೇ ಕೆಳಗೆ ಹೇಳುವ ಗ್ಯಾಸ್ಕೆಟ್ ತೊಂದರೆಯಿದೆ.

ಟ್ಯಾಂಕಿನ ನೀರು ತುಕ್ಕಿನ ಬಣ್ಣ ತಿರುಗಿದ್ದರೆ

"ಇಲ್ಲೇನು ಹಿಮ ಬೀಳುತ್ತದೆಯೇ, ಕೂಲೆಂಟ್ ಯಾಕೆ, ನೀರು ಸಾಕು" ಎಂಬ ಮಾತನ್ನು ನಾನೂ ನಂಬಿದ್ದೆ. ಹೆಪ್ಪುಗಟ್ಟದಂತೆ ತಡೆಯುವುದು ಕೂಲೆಂಟಿನ ಒಂದು ಕೆಲಸ ಮಾತ್ರ. ನಮಗೆ ಬೇಕಾಗಿರುವುದು ಇನ್ನೆರಡು: ಕುದಿಯುವ ಉಷ್ಣತೆಯನ್ನು ಮೇಲಕ್ಕೆ ಏರಿಸುವುದು, ಅಲ್ಯೂಮಿನಿಯಂ ಮತ್ತು ಕಬ್ಬಿಣವನ್ನು ತುಕ್ಕಿನಿಂದ ಕಾಯುವುದು. ಜಂಬಿಟ್ಟಿಗೆ ಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದ ಅಂಶ ಹೆಚ್ಚು. ಬಿಳಿ ಬಟ್ಟೆ ಒಗೆದರೆ ಹಳದಿ ಕಲೆ ಕೂರುವುದು ನಮ್ಮ ಮನೆಗಳಲ್ಲಿ ಹೊಸತೇನಲ್ಲ. ಹೊಳೆ, ಅಳಿವೆಯ ಬದಿಯ ಬಾವಿಗಳು ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗುತ್ತವೆ. ಬಟ್ಟೆಯ ಮೇಲೆ ಕೂರುವ ಆ ಕಲೆಯೇ ರೇಡಿಯೇಟರಿನ ಕೂದಲಷ್ಟು ತೆಳುವಾದ ದಾರಿಗಳಲ್ಲಿ ಕಿಟ್ಟವಾಗಿ ಕೂರುತ್ತದೆ.

ಹಾಗಾಗಿ ಕಾರಿನ ಕೈಪಿಡಿಯಲ್ಲಿ ಬರೆದ ಬಗೆಯನ್ನೇ ಹಾಕಿಸಿ. ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಕಂಪೆನಿಯಿಂದ ಕಂಪೆನಿಗೆ ಬೇರೆ, ಒಂದೇ ಬಣ್ಣದ ಎರಡು ಕೂಲೆಂಟುಗಳ ರಸಾಯನ ಬೇರೆ ಇರಬಹುದು. ನೇರ ಸುರಿಯುವಂಥದ್ದಾದರೆ ನೀರು ಬೆರೆಸಬೇಡಿ. ಗಟ್ಟಿಯದಾದರೆ ಡಬ್ಬಿಯ ಮೇಲಿನ ಪ್ರಮಾಣದಲ್ಲಿ, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವ ಶುದ್ಧೀಕರಿಸಿದ ನೀರನ್ನು ಬೆರೆಸಿ. ದಾರಿಯಲ್ಲಿ ಅನಿವಾರ್ಯವಾಗಿ ಕುಡಿಯುವ ನೀರು ಹಾಕಿದ್ದರೆ ಅದೇ ವಾರ ಬರಿದು ಮಾಡಿಸಿ ಹೊಸದಾಗಿ ತುಂಬಿಸಿ.

ಬಿಳಿ ಹೊಗೆ, ಹಾಲು ಬೆರೆತಂತಹ ಆಯಿಲ್

ಇಲ್ಲಿ ಮನೆಯ ಪರೀಕ್ಷೆ ಮುಗಿಯುತ್ತದೆ. ಬೆಳಿಗ್ಗೆ ಒಂದೆರಡು ನಿಮಿಷ ಸೈಲೆನ್ಸರಿನಿಂದ ತೆಳ್ಳಗೆ ಆವಿ ಬಂದು ನಿಂತರೆ ತೊಂದರೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆಯೊಂದಿಗೆ, ಬರುತ್ತಲೇ ಇದ್ದರೆ ಕೂಲೆಂಟ್ ಸಿಲಿಂಡರಿನೊಳಗೆ ಸೇರಿ ಸುಡುತ್ತಿದೆ. ಆಯಿಲ್ ಕಡ್ಡಿಯನ್ನು ಹೊರತೆಗೆದು ನೋಡಿ. ಆಯಿಲ್ ಚಹಾಕ್ಕೆ ಹಾಲು ಬೆರೆತಂತೆ ಕಂಡರೆ, ಅಥವಾ ಅದರ ಮಟ್ಟ ತಾನಾಗಿ ಏರಿದ್ದರೆ, ಕೂಲೆಂಟ್ ಆಯಿಲಿಗೆ ಸೇರಿದೆ. ಮಳೆಗಾಲದಲ್ಲಿ ಸಣ್ಣ ಓಡಾಟ ಮಾತ್ರ ಮಾಡುವ ಕಾರಿನ ಆಯಿಲ್ ಮುಚ್ಚಳದ ಅಡಿ ತುಸು ಕೆನೆ ಕಟ್ಟುವುದು ತೇವದಿಂದಲೂ ಆಗುತ್ತದೆ, ಅಷ್ಟಕ್ಕೇ ಗಾಬರಿಯಾಗಬೇಡಿ. ಕಡ್ಡಿಯ ಮೇಲೂ ಕಂಡರೆ ಮಾತ್ರ ಅದು ಬೇರೆ ಮಾತು.

ಇವು ಹೆಡ್ (ಸಿಲಿಂಡರುಗಳ ಮೇಲಿನ ಲೋಹದ ಮುಚ್ಚಳ) ಬಾಗಿರುವ ಅಥವಾ ಅದರ ಅಡಿಯ ಹೆಡ್ ಗ್ಯಾಸ್ಕೆಟ್ ಎಂಬ ತೆಳು ಪದರ ಸುಟ್ಟಿರುವ ಲಕ್ಷಣಗಳು. ಎಂಜಿನ್ ಚಾಲೂ ಮಾಡಬೇಡಿ. ನೀರು ಬೆರೆತ ಆಯಿಲ್ ಬೇರಿಂಗುಗಳನ್ನು ಕಾಯಲಾರದು. ಗ್ಯಾರೇಜಿನಲ್ಲಿ ಟ್ಯಾಂಕಿನ ಗಾಳಿಯನ್ನು ಒಂದು ನೀಲಿ ದ್ರವದ ಮೂಲಕ ಹಾಯಿಸಿ ನೋಡುವ ಪರೀಕ್ಷೆ ಇದೆ. ಸುಟ್ಟ ಅನಿಲ ಇದ್ದರೆ ದ್ರವ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚಲು ಒಪ್ಪುವ ಮೊದಲು ಅದನ್ನು ನಿಮ್ಮ ಕಣ್ಣೆದುರು ಮಾಡಿಸಿ. ಸೋರಿಕೆ ಮುಚ್ಚುತ್ತದೆ ಎಂದು ಮಾರುವ ಪುಡಿ, ದ್ರವಗಳಿಂದ ದೂರವಿರಿ. ಅವು ಸೋರುವ ರಂಧ್ರದ ಜೊತೆಗೆ ಹೀಟರಿನ, ರೇಡಿಯೇಟರಿನ ದಾರಿಗಳನ್ನೂ ಮುಚ್ಚಬಹುದು.

ಓಡಿಸಿಕೊಂಡು ಹೋಗಬಹುದೇ, ಎತ್ತಿಸಬೇಕೇ

ಮುಳ್ಳು ಕೆಂಪು ಮುಟ್ಟಿದ್ದರೆ, ತುಂಬಿದ್ದು ನಿಲ್ಲದಿದ್ದರೆ, ಬೆಲ್ಟ್ ಹೋಗಿದ್ದರೆ, ಬಿಳಿ ಹೊಗೆ ಅಥವಾ ಹಾಲಿನ ಬಣ್ಣದ ಆಯಿಲ್ ಇದ್ದರೆ ಎತ್ತಿಸಿ. ವಿಮೆಯ ಜೊತೆ ರಸ್ತೆ ನೆರವು ಇದೆಯೇ ಎಂದು ಈಗಲೇ ನೋಡಿಟ್ಟುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯವಾಣಿ 1033. ಘಾಟಿಯ ಹಲವೆಡೆ ಮೊಬೈಲ್ ಸಂಪರ್ಕ ಸಿಗುವುದಿಲ್ಲ. ಆಗ ಇಳಿದು ಹೋಗುವ ಬಸ್ಸಿನವರ ಕೈಯಲ್ಲಿ ಒಂದು ಚೀಟಿ ಕೊಡಿ: ನಿಮ್ಮ ಹೆಸರು, ಯಾವ ತಿರುವು, ಕಾರಿನ ಬಣ್ಣ, ಯಾರಿಗೆ ಕರೆ ಮಾಡಬೇಕು.

ಮೆಕ್ಯಾನಿಕ್ ಬಂದಾಗ "ಹೀಟ್ ಆಯಿತು" ಎಂದಷ್ಟೇ ಹೇಳಬೇಡಿ. ಏರಿನಲ್ಲೋ, ನಿಂತಾಗಲೋ, ಹೊರಟ ಕೂಡಲೋ, ಫ್ಯಾನು ತಿರುಗುತ್ತಿತ್ತೇ, ಎಷ್ಟು ಲೀಟರ್ ಹಿಡಿಯಿತು, ಏನು ಹಾಕಿದಿರಿ, ಕೆಂಪು ಹೊತ್ತಿದ ಮೇಲೆ ಎಷ್ಟು ದೂರ ಓಡಿತು. ಕೊನೆಯದನ್ನು ಮುಚ್ಚಿಡಬೇಡಿ. ಹೆಡ್ ಬಾಗಿದೆಯೇ ಎಂದು ನೋಡಬೇಕೋ ಬೇಡವೋ ಎಂಬುದು ಅದರ ಮೇಲೆಯೇ ನಿಂತಿದೆ.

ದುರಸ್ತಿಯಾಗಿ ಬಂದ ಮರುದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಟ್ಯಾಂಕಿನ ಮೇಲೆ ಮಟ್ಟ ಇರುವಲ್ಲಿ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ವ್ಯವಸ್ಥೆಯಲ್ಲಿ ಉಳಿದ ಗಾಳಿ ಹೊರಬಂದು ಮೊದಲ ಎರಡು ಮೂರು ದಿನ ಅದು ಸ್ವಲ್ಪ ಇಳಿಯಬಹುದು, ತುಂಬಿ ಹೊಸ ಗೆರೆ ಎಳೆಯಿರಿ. ಎರಡು ವಾರ ಕಳೆದ ಮೇಲೂ ದ್ರವ ಆ ಗೆರೆಯಿಂದ ಕೆಳಗಿಳಿದರೆ ಕಾರನ್ನು ಅದೇ ಗ್ಯಾರೇಜಿಗೆ ಮರಳಿ ಒಯ್ದು, ಗೆರೆಯನ್ನು ತೋರಿಸಿ.